ಎದುರಂಗಡಿಯ ಬೀಗ

ಬೀದಿಯವರೆಲ್ಲ ಬೀಗದ ಮಾಮ ಎಂದು ಕರೆಯುತ್ತಿದ್ದ ಆ ಮನುಷ್ಯನಿಗೆ ಊರಿನ ಯಾವ ಬಾಗಿಲ ಮೇಲೂ ಅನುಮಾನವಿರಲಿಲ್ಲ, ತನ್ನ ಮನೆಯದೊಂದನ್ನು ಬಿಟ್ಟು. ದಿನವಿಡೀ ಅಂಗಡಿಯಲ್ಲಿ ಅರ ಹಿಡಿದು ಕೀಲಿ ಉಜ್ಜುವಾತ, ಮನೆಗೆ ಬೀಗ ಹಾಕಿ ಬೀದಿಯ ತಿರುವು ದಾಟುವುದರೊಳಗೆ ಹಾಕಿದೆನೋ ಇಲ್ಲವೋ ಎಂದು ಹಿಂದಿರುಗುತ್ತಿದ್ದ. ಆ ಹಿತ್ತಾಳೆ ಬೀಗ ಅವನೇ ಕೈಯಾರೆ ಮಾಡಿದ್ದು. ಅದನ್ನು ಎಳೆದೆಳೆದು ನೋಡಿ ಬಾಗಿಲ ಚಿಲಕವೇ ಸಡಿಲವಾಗಿತ್ತು.

ಈ ಚಾಳಿಯಿಂದಾಗಿ ಅವನ ಹೆಂಡತಿ ಬೆಟ್ಟದ ಮೇಲಿನ ಸರೋವರವನ್ನು ಇನ್ನೂ ಕಂಡಿರಲಿಲ್ಲ. ಎಲೆ ಉದುರುವ ಕಾಲದಲ್ಲಿ ದಡದ ಮರಗಳು ಕೆಂಪಾಗಿ, ನೀರೊಳಗೆ ಯಾರೋ ದೀಪ ಹಚ್ಚಿಟ್ಟಂತೆ ಕಾಣುತ್ತದೆ ಎಂದು ಅವಳ ಅಕ್ಕ ಹೇಳಿದಂದಿನಿಂದ ಅವಳಿಗೆ ಅದೇ ಧ್ಯಾನ. ಎರಡು ಸಲ ಹೊರಟಿದ್ದರು. ಎರಡು ಸಲವೂ ಅವನು ನಡುದಾರಿಯ ಜಂಕ್ಷನ್ನಿನಲ್ಲಿ ಅವಳನ್ನು ಇಳಿಸಿ, ಎದುರಿನ ಪ್ಲಾಟ್‌ಫಾರಂನ ಗಾಡಿ ಹತ್ತಿಸಿ ವಾಪಸು ಕರೆತಂದಿದ್ದ. ಬೀಗವೇನೋ ಬಾಗಿಲಲ್ಲಿ ಬಂಡೆಯ ಹಾಗೆ ಕೂತಿತ್ತು. “ನೋಡಿದ್ಯಾ, ಹಾಕಿದ್ದೆ” ಎಂದು ಅವನು ಹಿಗ್ಗಿದ್ದನ್ನು ಅವಳು ಮರೆತಿರಲಿಲ್ಲ.

ಈ ಸಲ ಅವನು ಬೀಗ ಹಾಕಿ, ಎಳೆದು, ಸಾಮಾನು ಹೊತ್ತು ಬೀದಿಗಿಳಿದ ಮೇಲೆ, ಕೊಡೆ ಮರೆತೆನೆಂದು ಅವಳೊಬ್ಬಳೇ ಕೀಲಿ ಇಸಿದುಕೊಂಡು ಹಿಂದೆ ಹೋಗಿ ಬಂದಳು.

ಜಂಕ್ಷನ್ ಹತ್ತಿರವಾಗುತ್ತಿದ್ದಂತೆ ಅವನು ಉಣ್ಣೆಯ ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಅವಳು ಚೀಲಕ್ಕೆ ಕೈಹಾಕಿ ಹಿತ್ತಾಳೆ ಬೀಗವನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು.

“ಯೋಚನೆ ಮಾಡಬೇಡಿ. ಹಾಕಿಲ್ಲ.”

ಅವನು ಬೀಗವನ್ನೆತ್ತಿ ತಿರುವಿ ನೋಡಿದ. “ಮತ್ತೆ ಬಾಗಿಲಿಗೆ?”

“ಎದುರಂಗಡಿಯವನ ಬೀಗ ತಂದು ಹಾಕಿದೀನಿ.”

ಎದುರಂಗಡಿಯವನೂ ಬೀಗ ಮಾರುವವನೇ. ಅವನ ಬೀಗವನ್ನು ಬೆಂಕಿಕಡ್ಡಿಯಲ್ಲಿ ತೆಗೆಯಬಹುದೆಂದು ಮಾಮ ಬಂದ ಗಿರಾಕಿಗಳಿಗೆಲ್ಲ ವರ್ಷಾನುಗಟ್ಟಲೆ ಹೇಳುತ್ತಾ ಬಂದಿದ್ದ. ಈಗ ಅದೇ ಬೀಗ ತನ್ನ ಮನೆಯ ಮುಂದೆ ನೇತಾಡುತ್ತಿದೆ! ಇದಕ್ಕಿಂತ ಬಾಗಿಲು ತೆರೆದಿಟ್ಟು ಬಂದಿದ್ದರೆ ಮಾನವಾದರೂ ಉಳಿಯುತ್ತಿತ್ತು ಎಂದು ಗೊಣಗುತ್ತಾ, ಗಾಡಿ ನಿಂತ ಕೂಡಲೇ ಬೀಗ ಹಿಡಿದು ಇಳಿದೇಬಿಟ್ಟ. ಎದುರಿನ ಪ್ಲಾಟ್‌ಫಾರಂನಲ್ಲಿ ವಾಪಸು ಹೋಗುವ ಗಾಡಿ ಎಂದಿನಂತೆ ಕಾದಿತ್ತು.

ಅವಳು ಏಳಲಿಲ್ಲ. ಅವನು ಬಿಟ್ಟುಹೋದ ಕಿಟಕಿಯ ಜಾಗಕ್ಕೆ ಸರಿದು ಕೂತು, ಸರಳುಗಳ ಹಿಂದಿನಿಂದಲೇ ಹೇಳಿದಳು:

“ಹೋಗೋದಾದ್ರೆ ಹೋಗಿ, ನಾನು ಸರೋವರ ನೋಡ್ಕೊಂಡೇ ಬರೋದು. ಕೀಲಿ ನನ್ನ ಹತ್ರಾನೇ ಇರುತ್ತೆ. ನಿಮಗ್ಯಾಕ್ರೀ ಕೀಲಿ, ಬೆಂಕಿಕಡ್ಡಿ ಸಾಕಲ್ಲ.”

ಅವನು ನಿಂತ. ಕಣ್ಣಮುಂದೆ ತನ್ನದೇ ಬಾಗಿಲು, ತನ್ನ ಕೈಯಲ್ಲೊಂದು ಬೆಂಕಿಕಡ್ಡಿ, ಸುತ್ತ ನೆರೆದ ಬೀದಿ, ಎದುರಿಗೆ ಕೈಕಟ್ಟಿ ನಗುತ್ತಾ ನಿಂತ ಆ ಮಹಾಶಯ. ಕಡ್ಡಿ ಮುರಿದರೆ? ನಿಜ ಹೇಳಬೇಕೆಂದರೆ, ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಪ್ರಯತ್ನಿಸಿ ನೋಡಿರಲಿಲ್ಲ.

ಗಾಡಿ ಸೀಟಿ ಊದಿತು. ಅವನು ಹತ್ತಿ ಬಂದು, ಅವಳ ಪಕ್ಕದಲ್ಲಿ, ಕಿಟಕಿಯಿಲ್ಲದ ಕಡೆ ಕೂತ. ಬೆಟ್ಟ ಬರುವವರೆಗೂ ಅವನ ಬಾಯಿಗೆ ಬೀಗ ಬಿದ್ದಿತ್ತು. ನಡುವೆ ಅವಳು ಕೊಟ್ಟ ಚಹಾ ಮಾತ್ರ ಕುಡಿದ.

ಸರೋವರ ಅಕ್ಕ ಹೇಳಿದ್ದಕ್ಕಿಂತ ದೊಡ್ಡದಿತ್ತು. ಗಾಳಿ ಸುಳಿದಾಗಲೆಲ್ಲ ಕೆಂಪೆಲೆಗಳು ಒಂದೊಂದಾಗಿ ಬಂದು, ಅವಸರವಿಲ್ಲದ ನೆಂಟರಂತೆ ನೀರಿನ ಮೇಲೆ ಕೂರುತ್ತಿದ್ದವು. ಅವಳು ಕಣ್ಣು ಕೀಳದೆ ನೋಡಿದಳು. ಅವನು ಮಾತ್ರ ಒಮ್ಮೆ ನೀರನ್ನು, ಒಮ್ಮೆ ಅವಳನ್ನು ನೋಡುತ್ತಾ ಬಹಳ ಹೊತ್ತು ಒದ್ದಾಡಿದ. ಕೊನೆಗೆ ಕೇಳಿದ:

“ಎಳೆದು ನೋಡಿದೆ ತಾನೆ?”

“ನೋಡಿದೆ. ಜಪ್ಪಯ್ಯ ಅನ್ನಲಿಲ್ಲ.”

ಅವನು ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಆ ದಡದಲ್ಲಿ ಮೂರನೆಯವರಿಲ್ಲದಿದ್ದರೂ ದನಿ ತಗ್ಗಿಸಿದ.

“ಕೆಟ್ಟ ಬೀಗ ಏನಲ್ಲ ಕಣೇ ಅದು. ಯಾರ ಹತ್ರಾನೂ ಹೇಳಬೇಡ.”

ಹಾಗೆಂದವನು ಅವಳ ಭುಜಕ್ಕೆ ಒರಗಿ, ಮನೆಯನ್ನು ಎದುರಂಗಡಿಯವನಿಗೆ ಒಪ್ಪಿಸಿ, ಸರೋವರ ನೋಡತೊಡಗಿದ.