ತಗಡು ಮಗುಚಿದ ಕವಲು

ಬಡಾವಣೆಗೆಲ್ಲ ಅವನು ಪೇಂಟರ್. ಅಂಗಡಿಗಳಿಗೆ ಪ್ಲಾಸ್ಟಿಕ್ ಬೋರ್ಡು ಬಂದ ಮೇಲೆ ಕೈಬರಹವನ್ನು ಕೇಳುವವರೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎರಡು ನಗರಗಳನ್ನು ಜೋಡಿಸುವ ಸೈಕಲ್ ದಾರಿಗೆ ಗುರುತು ಹಾಕುವ ಕೆಲಸ ಸಿಕ್ಕಿತು. ಲಾರಿಗಳು ಅಬ್ಬರಿಸುವ ಹೆದ್ದಾರಿಯ ಗೊಡವೆಯಿಲ್ಲ. ಕಾಲುವೆ ದಂಡೆ, ಹಣ್ಣಿನ ತೋಟ, ಸಾಲುಮರಗಳ ನಡುವಿನ ಸಣ್ಣ ರಸ್ತೆಗಳು. ಪ್ರತಿ ಕವಲಿನಲ್ಲೂ ನೆಲದ ಮೇಲೆ ಒಂದು ಬಿಳಿ ಬಾಣ. ಆ ಬಾಣಗಳ ಬಗ್ಗೆ ಅವನು ಕೊಚ್ಚಿಕೊಂಡಷ್ಟು ಬೇರೆಯವರು ಮಕ್ಕಳ ಬಗ್ಗೆಯೂ ಕೊಚ್ಚಿಕೊಳ್ಳುವುದಿಲ್ಲ.

ಹೆಂಡತಿ ಬಟ್ಟೆ ಹೊಲಿಯುವವಳು, ನಲವತ್ತು ದಾಟಿದ ಮೇಲೆ ಸೈಕಲ್ ಕಲಿತವಳು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ನಾದಿನಿ ಮೂಗು ಮುರಿದಿದ್ದಳು. ದಾರಿ ತೆರೆಯುವ ದಿನ ಅವಳು ಎಲ್ಲರಿಗಿಂತ ಮೊದಲೇ ಹೊರಟಳು. ಹಿಂದೆ ಬಿದ್ದು ನಗೆಪಾಟಲಾಗುವುದು ಬೇಡವೆಂದು. ಫೋನನ್ನು ಹೊಲಿಗೆ ಯಂತ್ರದ ಮೇಲೇ ಮರೆತಿದ್ದಳು.

ಇತ್ತ ಪೇಂಟರ್ ಹಿತ್ತಲಲ್ಲಿ ಬಾಣದ ತಗಡನ್ನು ತೊಳೆಯುತ್ತಿದ್ದ. ಒಂದು ಕಡೆಗೆ ಬಾಗಿದ ಬಾಣದ ಆಕಾರವನ್ನು ನಡುವೆ ಕತ್ತರಿಸಿ ತೆಗೆದ ಒಂದೇ ತಗಡು. ನೆಲಕ್ಕಿಟ್ಟು ಬಣ್ಣ ಬಳಿದರೆ ಎಡಬಾಣ, ಮಗುಚಿಟ್ಟರೆ ಬಲಬಾಣ. ಕೈಯಲ್ಲಿ ಅದನ್ನು ತಿರುಗಿಸುವಾಗ ಎದೆ ಧಸಕ್ಕೆಂದಿತು. ಹಳೇ ಸೇತುವೆಯ ಕವಲಿನಲ್ಲಿ ತಗಡು ಇಟ್ಟಿದ್ದ, ಟ್ರ್ಯಾಕ್ಟರ್ ಬಂತೆಂದು ಎತ್ತಿಕೊಂಡು ಪಕ್ಕಕ್ಕೆ ಹಾರಿದ್ದ, ಮತ್ತೆ ಇಟ್ಟಿದ್ದ. ಆದರೆ ಯಾವ ಮಗ್ಗುಲಾಗಿ?

ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ. ಬಲಕ್ಕೆ ಹೋದರೆ ತೋಟದ ದಾರಿ. ಎಡಕ್ಕೆ ಹೋದರೆ ಕಡಿದಾದ ಇಳಿಜಾರು, ಕೆಳಗೆ ನಡುವೆ ಕುಸಿದ ಸೇತುವೆ. ಅವನು ಸೈಕಲ್ ಹತ್ತಿ ಬಿದ್ದಂಬೀಳ ತುಳಿದ. ಸೇತುವೆ ಕುಸಿದದ್ದು ಹೆಂಡತಿಗೆ ಗೊತ್ತು, ಅವಳ ಚಿಕ್ಕಮ್ಮನ ಮನೆ ಇದ್ದದ್ದೇ ಅದರಾಚೆ, ಅವಳೇನು ಅತ್ತ ಹೋಗುತ್ತಾಳೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಒಂದು ತಿರುವು ದಾಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ದಾರಿಯುದ್ದಕ್ಕೂ ಒಂದೊಂದು ಬಾಣವೂ ಸರಿಯಾಗಿತ್ತು, ಅದರಿಂದ ಅವನ ಹೆದರಿಕೆ ಇನ್ನಷ್ಟು ಹೆಚ್ಚಿತು.

ಕವಲಿನ ಬಾಣ ಎಡಕ್ಕೆ ತೋರಿಸುತ್ತಿತ್ತು. ಅಂಚು ಎಲ್ಲೂ ಕದಡದ, ಅಚ್ಚುಕಟ್ಟಾದ ಬಾಣ.

ಹಿಂದೆ ಬರುವವರು ಅತ್ತ ತಿರುಗದಂತೆ ಸೈಕಲನ್ನು ರಸ್ತೆಗೆ ಅಡ್ಡ ಕೆಡವಿ, ಅವಳನ್ನು ಕೂಗುತ್ತ ಇಳಿಜಾರಿನಲ್ಲಿ ಓಡಿದ. ಅವಳ ಸೈಕಲ್ ಪೊದೆಯೊಳಗೆ ಬಿದ್ದಿತ್ತು. ಅವಳು ಸೇತುವೆ ಮುರಿದ ಅಂಚಿನಿಂದ ಮಾರು ದೂರದಲ್ಲಿ, ತರಚಿದ ಮೊಣಕಾಲು ಹಿಡಿದು ಕೂತಿದ್ದಳು. ಬ್ರೇಕು ಹಿಡಿಯದಿದ್ದಾಗ ಬೇಕೆಂದೇ ಪೊದೆಗೆ ನುಗ್ಗಿಸಿದ್ದಳಂತೆ.

ಅವನು ಅವಳ ಪಕ್ಕದಲ್ಲೇ ಕೂತ. ಭಯಕ್ಕೋ ಏನೋ, ಬಾಯಿಂದ ಬಂದದ್ದು ಗದರಿಕೆ.

"ಸೇತುವೆ ಬಿದ್ದಿರೋದು ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು" ಎಂದಳು. "ಆದ್ರೆ ಬಾಣ ನೀವು ಬರ್ದಿದ್ದಲ್ವಾ? ಹೊಸ ಸೇತುವೆ ಕಟ್ಟಿರ್ಬೇಕು ಅಂದ್ಕೊಂಡೆ."