ಟ್ಯಾಂಕಿನ ನೆಗ್ಗು

ನಮ್ಮ ದೊಡ್ಡಪ್ಪ ಒಂದು ಕಾಲಕ್ಕೆ ಬೈಕ್ ರೇಸಿನ ಚಾಂಪಿಯನ್. ಈ ಊರಿನಲ್ಲಿ ರೇಸ್ ಎಂದರೆ ಕುದುರೆಯದು ಎಂದಷ್ಟೇ ಜನ ತಿಳಿದಿದ್ದ ಕಾಲವದು. ಕಣ್ಣು ಪೂರ್ತಿ ಮಂಜಾದ ಮೇಲೂ ಅವರು ಪೀಣ್ಯದ ನಮ್ಮ ಲೇತ್ ಶೆಡ್ಡಿಗೆ ದಿನಾ ಬಂದು, ಮೂಲೆಯಲ್ಲಿದ್ದ ತಮ್ಮ ರೇಸಿನ ಬೈಕನ್ನು ಸವರಿಯೇ ಕೂರುತ್ತಿದ್ದರು. ಬಿದ್ದು, ಎದ್ದು, ಗೆದ್ದ ಒಂದು ರೇಸಿನಲ್ಲಿ ಅದರ ಟ್ಯಾಂಕಿನ ಎಡಮೈ ನೆಗ್ಗಿಹೋಗಿತ್ತು.

ಪೀಣ್ಯಕ್ಕೆ ಮೆಟ್ರೋ ಬಂದ ವರ್ಷ, ಆಯುಧಪೂಜೆಗೆ ದೊಡ್ಡಪ್ಪ ಖುಷಿಪಡಲಿ ಎಂದು, ಅವರು ಜ್ವರದಿಂದ ನಾಲ್ಕು ದಿನ ಶೆಡ್ಡಿಗೆ ಬಾರದಿದ್ದಾಗ, ಆ ನೆಗ್ಗು ತೆಗೆಸಿ ಹೊಸ ಬಣ್ಣ ಹೊಡೆಸಿದೆ. ಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಕೇಳುವ ಜಾಯಮಾನವೂ ನನ್ನದಲ್ಲ.

ಪೂಜೆಯ ದಿನ ಬೈಕಿಗೆ ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗಿಡಲು ನಿಂಬೆಹಣ್ಣು ಹಿಡಿದು ನಿಂತಿದ್ದೆ. ದೊಡ್ಡಪ್ಪ ಬೆರಳಿಗೆ ಕುಂಕುಮ ತೆಗೆದುಕೊಂಡು, ಇನ್ನೊಂದು ಕೈಯಿಂದ ಟ್ಯಾಂಕ್ ಮುಟ್ಟಿದರು. ಆ ಕೈ ಎಡಮೈ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು.

"ಯಾರ್ದೋ ಇದು? ಗಿರಾಕೀದಾ?" ಎಂದರು.



ಅವರು ಕುಂಕುಮದ ಬೆರಳನ್ನು ಹಾಗೇ ಎತ್ತಿ ಹಿಡಿದು, "ಇದನ್ನ ಪಕ್ಕಕ್ಕೆ ನಿಲ್ಸು. ಮೊದ್ಲು ನಮ್ ಗಾಡಿ ತಗೊಂಡ್ಬಾ" ಎಂದು ಕಾಯುತ್ತಾ ನಿಂತರು.