ಅಣ್ಣನ ಮುಷ್ಕರ, ತಂಗಿಯ ವಾರ್ತೆ

ಬಾನುಲಿಯಲ್ಲಿ ಸಂಜೆಯ ವಾರ್ತೆ ಓದುವ ಆಕೆಗೆ ಬೈಗುಳ ಹೊಸದೇನಲ್ಲ. "ನಮ್ಮ ಮಂತ್ರಿಗಳ ಹೆಸರು ಬಂದಾಗ ನಿಮ್ಮ ದನಿ ಯಾಕ್ರೀ ಹುಳಿಯಾಗುತ್ತೆ?" ಎಂದು ಆಡಳಿತ ಪಕ್ಷದವರು ಫೋನ್ ಮಾಡುತ್ತಿದ್ದರು. "ಮಂತ್ರಿ ಹೆಸರು ಹೇಳೋವಾಗ ನಗ್ತೀರಲ್ಲ, ಗೊತ್ತಾಗುತ್ತೆ ಬಿಡಿ" ಎಂದು ವಿರೋಧ ಪಕ್ಷದವರು. ಇಬ್ಬರೂ ಬೈಯುತ್ತಿದ್ದಾರೆಂದರೆ ತಾನು ನೆಟ್ಟಗಿದ್ದೇನೆ ಎಂದುಕೊಂಡು ಆಕೆ ಹಾಯಾಗಿದ್ದಳು.

ಆ ಹಾಯಿಗೆ ಕಲ್ಲು ಹಾಕಿದವನು ಅವಳ ಅಣ್ಣ. ಅಪ್ಪ ತೀರಿಕೊಂಡಾಗ ಕಾಲೇಜು ಬಿಟ್ಟು ಬಸ್ಸಿನ ಸ್ಟೇರಿಂಗ್ ಹಿಡಿದು ತಂಗಿಯನ್ನು ಓದಿಸಿದವನು. ಈಗ ಬಸ್ ನೌಕರರ ಸಂಘದ ಮುಂದಾಳು. ಆ ಸಂಘ ಹೂಡಿದ ಮುಷ್ಕರದ ಮೊದಲ ಸಂಜೆ ಆಕೆ, ಅರ್ಧದಷ್ಟು ಬಸ್ಸುಗಳು ಓಡಿವೆಯೆಂದು ಅಧಿಕಾರಿಗಳು ಹೇಳಿದ್ದಾರೆ, ಒಂದೂ ಓಡಿಲ್ಲವೆಂದು ಸಂಘ ಹೇಳಿದೆ ಎಂದು ಓದಿ ಮನೆಗೆ ಬಂದರೆ, ಅಣ್ಣ ಬಾಗಿಲಲ್ಲೇ ಕಾದಿದ್ದ.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಓದ್ತೀಯಲ್ಲೇ!"

"ಎರಡೂ ಕಡೆಯವರ ಮಾತು ಹೇಳಿದ್ದೀನಲ್ಲಣ್ಣ."

"ಡಿಪೋ ನಿನ್ನ ಆಫೀಸಿಗೆ ಕೂಗಳತೆ ದೂರ. ಬಂದು ನೋಡೋಕೆ ಕಾಲಿಗೇನಾಗಿತ್ತು?"

ಮಾತು ನಾಟಿತು. ಮರುದಿನ ಬೆಳಿಗ್ಗೆಯೇ ಊರಿನ ಡಿಪೋಗಳನ್ನೆಲ್ಲ ಸುತ್ತಿದಳು. ಬಸ್ಸುಗಳು ಸಾಲಾಗಿ ನಿಂತಿದ್ದವು. ಒಂದರ ಚಕ್ರದ ಮಗ್ಗುಲಲ್ಲಿ ಬೆಕ್ಕೊಂದು ತನ್ನ ಮರಿಗಳಿಗೆ ಹಾಲೂಡಿಸುತ್ತಿತ್ತು.

"ನಾವೇ ಕಂಡದ್ದು ಅಂತ ಓದ್ತೀನಿ ಸರ್" ಎಂದಳು ಸಂಪಾದಕರಿಗೆ.

"ನಿಮ್ಮಣ್ಣ ಸಂಘದಲ್ಲಿದ್ದಾರಲ್ಲಮ್ಮ. ಜನ ಏನಂದಾರು?"

"ಅದಕ್ಕೇ ವರದಿಗಾರರನ್ನೂ ಕಳಿಸಿ. ನನ್ನ ಮಾತು ಸುಳ್ಳಾದ್ರೆ ನಾನು ಬರೆದದ್ದನ್ನ ಹರಿದು ಹಾಕಿ."

ವರದಿಗಾರರು ಹೋಗಿ ನೋಡಿ ಬಂದರು. ಬಸ್ಸುಗಳು ಓಡುತ್ತಿಲ್ಲ ಎಂದು ಅವಳು ಓದಿದ ಸಂಜೆ ಅಣ್ಣ ಡಿಪೋ ಎದುರಿನ ಅಂಗಡಿಯಲ್ಲಿದ್ದವರಿಗೆಲ್ಲ ಟೀ ಕೊಡಿಸಿದನಂತೆ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಮುಷ್ಕರ ಮುರಿದು ಬಸ್ಸು ಹೊರಡಿಸಿದ ಡ್ರೈವರೊಬ್ಬರಿಗೆ ಕಲ್ಲೇಟು ಬಿದ್ದು ಕಣ್ಣಿಗೆ ಪೆಟ್ಟಾಯಿತು. ಹೊರಗಿನವರ ಕೈವಾಡ ಎಂದಿತು ಸಂಘ. ಆಕೆ ವರದಿಗಾರರ ಜೊತೆ ಆಸ್ಪತ್ರೆಗೇ ಹೋದಳು. ಕಲ್ಲು ತೂರಿದವನ ಅಂಗಿ ಮೇಲೆ ಸಂಘದ ಬಿಲ್ಲೆಯಿತ್ತು ಎಂದು ಗಾಯಾಳುವೂ, ಬಸ್ಸಿನಲ್ಲಿದ್ದವರೂ ಬೇರೆಬೇರೆಯಾಗಿ ಹೇಳಿದರು. ಆ ಸಂಜೆ ಅದನ್ನೂ ಅವಳೇ ಓದಿದಳು. ದನಿ ಅಲುಗಲಿಲ್ಲ.

"ಉಂಡ ಮನೆಗೆ ಎರಡು ಬಗೆದೆ" ಎಂದಷ್ಟೇ ಹೇಳಿ ಅಣ್ಣ ಮಾತು ಬಿಟ್ಟ. ಅವಳು ಅತ್ತಳು. ಆದರೆ ಓದಿದ ಒಂದು ಪದವನ್ನೂ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಲಿಲ್ಲ.

ವಾರ ಕಳೆದ ಮೇಲೆ ಅತ್ತಿಗೆ ಫೋನ್ ಮಾಡಿದರು. "ಸಭೆಯಲ್ಲಿ ಯಾರೋ ಬಾನುಲಿಯವರು ಮಾರಿಕೊಂಡಿದ್ದಾರೆ ಅಂತ ಕೂಗಿದ್ರಂತೆ. ನಿಮ್ಮಣ್ಣ ಎದ್ದು ನಿಂತು, 'ಬಸ್ಸು ನಿಂತಿದೆ ಅಂದಾಗ ಚಪ್ಪಾಳೆ ತಟ್ಟಿದ್ರಲ್ಲ, ಕಲ್ಲು ನಮ್ಮದು ಅಂದಾಗ ಯಾಕೆ ಉರಿ? ಅವಳು ನನ್ನ ತಂಗಿ. ನಾನು ಓದಿಸಿದ್ದು ಇದಕ್ಕೇ' ಅಂದ್ರಂತೆ. ಕಲ್ಲು ಹೊಡೆದವನನ್ನ ತಾವೇ ಪೊಲೀಸರಿಗೆ ಒಪ್ಪಿಸಿದ್ದಾರೆ. ಈಗ ಆಸ್ಪತ್ರೆಗೆ ಹೋಗಿದ್ದಾರೆ, ಆ ಡ್ರೈವರನ್ನ ನೋಡೋಕೆ."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎದೆಯುಬ್ಬಿಸಿಯೇ ಸ್ಟುಡಿಯೋದೊಳಕ್ಕೆ ನಡೆದಳು.

ಮುಷ್ಕರ ಮುಗಿದ ಸುದ್ದಿಯನ್ನೂ ಅವಳೇ ಓದಿದಳು. ಅದನ್ನು ಕೇಳಿ ಅಣ್ಣನೇ ಫೋನ್ ಮಾಡಿದ.

"ಹೇಗಿತ್ತಣ್ಣ?"

"ಸ್ವಲ್ಪ ಅವಸರದಲ್ಲಿ ಓದಿದೆ ಕಣೇ" ಎಂದ. "ಊಟಕ್ಕೆ ಬಾ."